ಚಕ್ಕುಬಂದಿ

ನನ್ನ ಅತ್ತೆಯವರು ಹೆಣ್ಣು ಕೊಡುವವರಿಗೆ ಒಂದು ಮಾತು ಹೇಳುತ್ತಿದ್ದರು: “ಮನಿ ನೋಡಬ್ಯಾಡ್ರಿ, ಬಚ್ಚಲಾ ನೋಡ್ರಿ.” ಪಡಸಾಲೆಯ ಕಂಬ, ತೊಲೆ, ಬಾಗಿಲಿನ ಕೆತ್ತನೆ ಇವೆಲ್ಲ ಗಂಡಸರು ನೋಡುವ ಸಂಗತಿ, ಬಚ್ಚಲಿನ ಹಂಡೆ ತುಂಬಿದ್ದರೆ ಮಾತ್ರ ಆ ಮನೆಗೆ ಹೆಣ್ಣು ಕೊಡಬೇಕು ಎಂಬುದು ಅವರ ತೀರ್ಮಾನ. ಮದುವೆಯಾದ ಹೊಸದರಲ್ಲಿ ಈ ಮಾತು ಕೇಳಿ ನನಗೆ ನಗು ಬರುತ್ತಿತ್ತು. ಅರವತ್ತು ತುಂಬಿದ ಮೇಲೆ, ಜೀವಮಾನದಲ್ಲಿ ಮೊದಲ ಸಲ ನನ್ನ ದುಡ್ಡಿನಲ್ಲಿ ಮನೆ ಕೊಳ್ಳಲು ಹೊರಟಾಗ ಬರಲಿಲ್ಲ.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದೆ. ಹುಟ್ಟಿದ್ದು ಶಿರಹಟ್ಟಿಯಲ್ಲಿ. 1981ರಲ್ಲಿ ನೌಕರಿ ಸಿಕ್ಕಿದ್ದು ಲಕ್ಷ್ಮೇಶ್ವರದಲ್ಲಿ. ಮರುವರ್ಷ ಕೊಟ್ಟದ್ದು ಮುಂಡರಗಿಯ ಮನೆತನಕ್ಕೆ. ಕೊನೆಯ ಹದಿನಾರು ವರ್ಷ ಕಲಿಸಿದ್ದು ಗದಗಿನಲ್ಲಿ. 2018ರಲ್ಲಿ ನಿವೃತ್ತಳಾದ ದಿನ ರಾತ್ರಿ ಎಣಿಸಿ ನೋಡಿದೆ. ಅಲ್ಲಿಯವರೆಗೆ ನಾವು ಒಂಬತ್ತು ಬಾಡಿಗೆ ಮನೆ ಬದಲಿಸಿದ್ದೆವು. ಒಂಬತ್ತು ಸಲ ಹಾಲು ಉಕ್ಕಿಸಿದ್ದೆ, ಒಂಬತ್ತು ಸಲ ಒಲೆಯ ಕಟ್ಟೆ ತೊಳೆದು ಬೀಗ ತಿರುಗಿ ಕೊಟ್ಟಿದ್ದೆ.

ನಿವೃತ್ತಿಯ ದುಡ್ಡು ಬಂದಾಗ ಮನೆಯಲ್ಲಿ ಮೂರು ಅಭಿಪ್ರಾಯಗಳಾದವು. ಬೆಂಗಳೂರಿನಲ್ಲಿರುವ ಮಗ, “ಅವ್ವಾ, ರೊಕ್ಕಾ ಬೆಳಿಯೋ ಕಡೆ ಹಾಕು, ಗದಗಿನ ಹೊಸಾ ಲೇಔಟಿನ್ಯಾಗ ಪ್ಲಾಟ್ ತಗೋ” ಎಂದ. ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರಾಗಿ ನಿವೃತ್ತರಾದ ನಮ್ಮ ಮನೆಯವರಿಗೆ ಬಸ್‌ಸ್ಟ್ಯಾಂಡು ನಡೆದು ಹೋಗುವಷ್ಟು ಹತ್ತಿರವಿದ್ದರೆ ಅದೇ ಅರಮನೆ. ಶಿರಹಟ್ಟಿಯಲ್ಲಿದ್ದ ನನ್ನ ತಮ್ಮ ಫೋನು ಮಾಡಿ ಮೂರನೆಯ ಮಾತು ಹೇಳಿದ. ಅದನ್ನು ಆಮೇಲೆ ಹೇಳುತ್ತೇನೆ. ನಾನು ಯಾರಿಗೂ ಹೂಂ ಅನ್ನಲಿಲ್ಲ. ಇನ್ನೂರು ಪುಟದ ಒಂದು ವಹಿ ತಂದೆ, ನಾಲ್ಕು ಭಾಗ ಮಾಡಿದೆ, ನಾಲ್ಕು ಊರಿನ ಹೆಸರು ಬರೆದೆ. ಶನಿವಾರ, ರವಿವಾರ ಬಸ್ಸು ಹತ್ತಿ ಮನೆ ನೋಡುವುದೇ ಒಂದು ನೌಕರಿಯಾಯಿತು.

ಈ ನಾಲ್ಕು ಊರುಗಳು ಒಂದಕ್ಕೊಂದು ದೂರದವಲ್ಲ. ಗದಗಿನಿಂದ ಮುಂಡರಗಿ, ಲಕ್ಷ್ಮೇಶ್ವರಗಳು ಸುಮಾರು ನಾಲ್ವತ್ತು ಕಿಲೋಮೀಟರು, ಶಿರಹಟ್ಟಿ ಇನ್ನೂ ಹತ್ತಿರ. ಆದರೂ 1948ರವರೆಗೆ ಇವು ಮೂರು ದೊರೆತನಗಳಿಗೆ ಹಂಚಿಹೋಗಿದ್ದವು. ಗದಗ, ಮುಂಡರಗಿ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿ. ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ. ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ. ಹದಿನೈದು ಕಿಲೋಮೀಟರಿನಲ್ಲಿ ಕಚೇರಿ ಬೇರೆ, ಕಾಗದ ಬೇರೆ, ಕರ ಬೇರೆ. ಮನೆಯ ಬೆಲೆ ಗೋಡೆಗಿಂತ ಮೊದಲು ದೊರೆಯನ್ನು ನೋಡುತ್ತಿತ್ತು. ಆಮೇಲೆ ಎಲ್ಲವೂ ಧಾರವಾಡ ಜಿಲ್ಲೆಗೆ ಸೇರಿ, 1997ರಲ್ಲಿ ಗದಗ ಜಿಲ್ಲೆಯಾದಾಗ ಒಂದೇ ಮನೆಯ ಮಕ್ಕಳಂತೆ ಕೂಡಿಬಂದವು. ಮಕ್ಕಳ ಪಾಲು ಮಾತ್ರ ಸರಿಸಮವಾಗಲಿಲ್ಲ.

ಮೊದಲು ಲಕ್ಷ್ಮೇಶ್ವರಕ್ಕೆ ಹೋದೆ. ಅದು ನಾನು ಮೊದಲ ಪಗಾರ ಎಣಿಸಿದ ಊರು. ಸೋಮೇಶ್ವರ ದೇವಸ್ಥಾನದ ಹತ್ತಿರ ಎರಡು ಖೋಲಿಯ ಬಾಡಿಗೆ ಮನೆಯಲ್ಲಿ ನಾನೂ ಇನ್ನೊಬ್ಬ ಅಕ್ಕೋರೂ ಇದ್ದೆವು. ನಮ್ಮ ಮುಖ್ಯಾಧ್ಯಾಪಕರಿಗೆ ಶಾಸನಗಳ ಹುಚ್ಚು. ಊರಿನ ಹಳೆಯ ಹೆಸರು ಪುಲಿಗೆರೆ. ಪಂಪ ತನ್ನ ಕಾವ್ಯದ ಭಾಷೆಗೆ ಈ ಊರಿನ ಕನ್ನಡವನ್ನೇ ಒರೆಗಲ್ಲು ಮಾಡಿಕೊಂಡ ಎಂದು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಅವರು ಹೇಳಿದ ಇನ್ನೊಂದು ಸಂಗತಿ, ಮನೆ ಹುಡುಕಲು ಹೊರಟಾಗ ಬಹಳ ನೆನಪಾಯಿತು.

ಬಾದಾಮಿ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯ ಇನ್ನೂ ಯುವರಾಜನಾಗಿದ್ದಾಗ, ಅಂದರೆ 8ನೆಯ ಶತಮಾನದ ಮೊದಲ ಭಾಗದಲ್ಲಿ, ಈ ಊರಿನ ಮಹಾಜನರಿಗೂ ನಗರದವರಿಗೂ ಹದಿನೆಂಟು ಪ್ರಕೃತಿಗಳಿಗೂ ಒಂದು ಕಟ್ಟಳೆ ಮಾಡಿಕೊಟ್ಟ. ಅರಸನ ಅಧಿಕಾರಿಗಳು ಏನು ಮಾಡಬೇಕು, ಊರವರು ಏನು ಕೊಡಬೇಕು ಎಂಬ ಪರಸ್ಪರ ಕರಾರು ಅದು. ಜನರಿಲ್ಲದೆ ಖಾಲಿ ಬಿದ್ದ ಮನೆಗಳನ್ನು ಅಧಿಕಾರಿಗಳು ಕಾಯಬೇಕು ಎಂದು ಅದರಲ್ಲಿದೆ. ವರ್ಷಕ್ಕೊಮ್ಮೆ ವೈಶಾಖದಲ್ಲಿ ಮನೆಯೊಕ್ಕಲುಗಳು ತೆರಿಗೆ ಕೊಡಬೇಕು. ಎಲ್ಲರೂ ಒಂದೇ ಸಮನಲ್ಲ. ಉತ್ತಮರು 10 ಪಣ, ಮಧ್ಯಮರು 7, ಅವರಿಗಿಂತ ಕೆಳಗಿನವರು 5, ಕಟ್ಟಕಡೆಯವರು 3. ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಈ ಊರಲ್ಲಿ ಓಣಿ ಓಣಿ ತಿರುಗಿ, ಯಾರ ಮನೆ ಯಾವ ತರಗತಿಯದು ಎಂದು ಯಾರೋ ಗುರುತು ಹಾಕಿಕೊಂಡಿರಬೇಕು. ನನ್ನ ವಹಿಯ ಕೆಲಸವನ್ನು ನನಗಿಂತ ಮೊದಲೇ ಒಬ್ಬರು ಮಾಡಿ ಮುಗಿಸಿದ್ದರು! ಬಾಡಿಗೆದಾರರಿಗೆ ಎಷ್ಟು ಪಣ ಎಂದು ಮುಖ್ಯಾಧ್ಯಾಪಕರನ್ನು ಕೇಳಬೇಕೆಂದಿದ್ದೆ, ಕೇಳಲಿಲ್ಲ.

ಅದೇ ವಂಶದ ವಿಜಯಾದಿತ್ಯ ಅರಸನ ತಂಗಿ ಕುಂಕುಮ ಮಹಾದೇವಿ ಇಲ್ಲಿ ಆನೆಸೆಜ್ಜೆಯ ಬಸದಿ ಕಟ್ಟಿಸಿದಳು. ಕಟ್ಟಿಸಿದವಳ ಹೆಸರು ಕಲ್ಲಿನ ಮೇಲೆ ಉಳಿದಿದೆ. ಅರಸನ ತಂಗಿಯಾದರೆ ಹಾಗೆ. ನಾನು ಕೆಲಸ ಮಾಡಿದ ಓಣಿಯಲ್ಲಿ ಎಷ್ಟು ಮನೆಗಳ ಉತಾರದಲ್ಲಿ ಹೆಣ್ಣುಮಗಳ ಹೆಸರಿತ್ತು ಎಂದು ಲೆಕ್ಕ ಹಾಕಿದರೆ ಒಂದು ಕೈಯ ಬೆರಳು ಸಾಕು. ಅವೂ ಗಂಡ ತೀರಿಕೊಂಡ ಮೇಲೆ ವಾರಸಾ ಆದ ಹೆಸರುಗಳು.

2018ರಲ್ಲಿ ಲಕ್ಷ್ಮೇಶ್ವರ ಹೊಸದಾಗಿ ತಾಲೂಕು ಆಗಿತ್ತು. ಶಿಗ್ಲಿ ಕಡೆಗೂ ಗದಗ ರಸ್ತೆಗೂ ಹೊಲಗಳಲ್ಲಿ ಕಲ್ಲು ನೆಟ್ಟು ಪ್ಲಾಟು ಮಾಡಿದ್ದರು. “ತಾಲೂಕ ಆಫೀಸ್ ಬಂತಲ್ರೀ ಅಕ್ಕಾರ, ಇನ್ನ ಎರಡ ವರ್ಷಕ್ಕ ನೋಡ್ರಿ” ಎಂದ ಏಜೆಂಟ. ಹೊಲವನ್ನು ಬಿನ್‌ಶೇತ್ಕಿ ಮಾಡಿಸಿದ ಹುಕುಂ ತೋರಿಸು ಎಂದಾಗ ಅವನ ದನಿ ಸಣ್ಣದಾಯಿತು. ಮನೆಯವರಿಗೆ ಬಸ್ಸಿದ್ದರೂ ರೈಲಿಲ್ಲ ಎಂಬ ಕೊರಗು. ಲಕ್ಷ್ಮೇಶ್ವರದವರು ರೈಲು ಹತ್ತಲು ಯಳವಿಗಿಗೆ ಹೋಗಬೇಕು. ಗದಗ–ಯಳವಿಗಿ ಮಾರ್ಗ ಬೇಕೆಂಬ ಬೇಡಿಕೆ ಎಷ್ಟು ಹಳೆಯದೆಂದರೆ, ನಾನು ಮೊದಲ ಪಗಾರ ಎಣಿಸಿದಾಗಲೇ ಅದರ ಮಾತು ಕೇಳಿದ್ದೆ. ಬರಲಿರುವ ರೈಲಿನ ಬೆಲೆಯನ್ನೂ ಸೇರಿಸಿ ಪ್ಲಾಟು ಮಾರುವುದು ನಮ್ಮ ಕಡೆಯ ಏಜೆಂಟರಿಗೆ ಸಿದ್ಧಿಸಿದ ವಿದ್ಯೆ.

ಈಗ ತಮ್ಮನ ಮಾತಿಗೆ ಬರುತ್ತೇನೆ.

ಶಿರಹಟ್ಟಿಯ ನಮ್ಮ ಮನೆ ಫಕೀರೇಶ್ವರ ಮಠದ ತೇರು ಎಳೆಯುವ ಗದ್ದಲ ಕೇಳುವಷ್ಟು ಹತ್ತಿರದಲ್ಲಿತ್ತು. ಮಣ್ಣಿನ ಮಾಳಿಗೆ, ಆರು ಕಂಬದ ಪಡಸಾಲೆ, ಒಳಗೆ ಬಂದ ಕೂಡಲೇ ಎಡಕ್ಕೆ ದನ ಕಟ್ಟುವ ಜಾಗ, ನಡುಮನೆಯಲ್ಲಿ ಜೋಳ ತುಂಬುವ ಹಗೆ. ನಮ್ಮ ಅಜ್ಜ ಕಟ್ಟಿಸಿದ್ದು ಸಾಂಗಲಿಯವರ ಕಾಲದಲ್ಲಿ. ಕಾಗದ ಮೋಡಿ ಲಿಪಿಯಲ್ಲಿತ್ತು. ಅದನ್ನು ಓದಬಲ್ಲವರು ಊರಲ್ಲಿ ಒಬ್ಬರೇ ಉಳಿದಿದ್ದರು. ನೀರಿಗೆ ಮೂರು ಮನೆಗಳ ನಡುವೆ ಒಂದು ಸಾಮಾಯಿಕ ಬಾವಿ. ಅವ್ವ ಬೆಳಗಿನ ನಾಲ್ಕಕ್ಕೆ ಎದ್ದು, ಉಳಿದ ಇಬ್ಬರು ಬರುವುದರೊಳಗೆ ಇಪ್ಪತ್ತು ಕೊಡ ಸೇದುತ್ತಿದ್ದಳು. ಹಗ್ಗ ಉಜ್ಜಿ ಉಜ್ಜಿ ಅವಳ ಬಲಗೈಯ ಹೆಬ್ಬೆರಳ ಬುಡದಲ್ಲಿ ಕಲ್ಲಿನಂಥ ಗಂಟಿತ್ತು. ಆ ಮನೆಯ ಬೆಲೆ ಕಟ್ಟುವಾಗ ಯಾರೂ ಆ ಗಂಟನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಅಪ್ಪ 1989ರಲ್ಲಿ ತೀರಿಕೊಂಡ. 1991ರಲ್ಲಿ ವಾಟ್ನಿ ಆಯಿತು. ಅಣ್ಣನಿಗೆ ಹೊಲ, ತಮ್ಮನಿಗೆ ಮನೆ. ನಾನೂ ನನ್ನ ತಂಗಿಯೂ ನೋಂದಣಿ ಕಚೇರಿಯ ಕಟ್ಟೆಯ ಮೇಲೆ ಕೂತು ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಮಾಡಿದೆವು. ಯಾರೂ ಬಲವಂತ ಮಾಡಲಿಲ್ಲ. ತವರಿಗೆ ಬಂದು ಹೋಗುವ ದಾರಿ ತೆರೆದಿರಬೇಕಾದರೆ ಹೀಗೆ ಮಾಡಬೇಕು ಎಂಬುದು ನಮಗೆ ಯಾರೂ ಕಲಿಸದೆ ಗೊತ್ತಿತ್ತು. ಇಬ್ಬರಿಗೂ ಒಂದೊಂದು ಇಳಕಲ್ ಸೀರೆ ಉಡಿಸಿದರು. ನನ್ನದು ಆನಂದ ಬಣ್ಣದ್ದು, ಇನ್ನೂ ಟ್ರಂಕಿನಲ್ಲಿದೆ.

ಕಾನೂನಿನ ಕಥೆಯನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಅಪ್ಪನ ಪಾಲಿನಲ್ಲಿ ಮಗಳಿಗೂ ಭಾಗ ಕೊಟ್ಟಿತ್ತು. ಆದರೆ ಅದರ 23ನೆಯ ಕಲಮು, ಮನೆಯವರು ವಾಸಿಸುವ ಮನೆಯನ್ನು ಮಾತ್ರ ಗಂಡುಮಕ್ಕಳು ತಾವಾಗಿ ಹಂಚಿಕೊಳ್ಳುವವರೆಗೆ ಹೆಣ್ಣುಮಕ್ಕಳು ಪಾಲು ಕೇಳುವಂತಿಲ್ಲ ಎಂದಿತ್ತು. ಹೊಲಕ್ಕಿಲ್ಲದ ಈ ಬೇಲಿ ಮನೆಗಿತ್ತು ನೋಡಿ. 1994ರ ಜುಲೈಯಿಂದ ಕರ್ನಾಟಕದ ತಿದ್ದುಪಡಿ ಬಂತು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು, ಆದರೆ ಅದಕ್ಕೆ ಮೊದಲು ಮದುವೆಯಾದವರಿಗೆ ಇಲ್ಲ. ನನ್ನ ಮದುವೆ 1982ರದು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಮದುವೆಯ ಈ ಷರತ್ತನ್ನು ಬಿಟ್ಟಿತು, 23ನೆಯ ಕಲಮನ್ನೂ ತೆಗೆಯಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಾಟ್ನಿಗಳನ್ನು ಮುಟ್ಟಲಿಲ್ಲ. ತಂದೆ ಆ ದಿನ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿದಾಗ ಎಷ್ಟೋ ಹೆಣ್ಣುಮಕ್ಕಳ ಮನೆಯಲ್ಲಿ ದೀಪ ಹತ್ತಿತು. ಕಾನೂನು ಮೂರು ಸಲ ನಮ್ಮ ಓಣಿಗೆ ಬಂತು. ಮೂರು ಸಲವೂ ನಮ್ಮ ಮನೆ ದಾಟಿ ಮುಂದಿನ ಮನೆಗೆ ಹೋಯಿತು.

ತಮ್ಮ ಫೋನಿನಲ್ಲಿ ಹೇಳಿದ್ದು ಇಷ್ಟು: “ಅಕ್ಕಾ, ನಾನು ಹುಬ್ಬಳ್ಳಿಗೆ ಹೋಗಾಂವ. ಮನಿ ಮಾರಾಕತ್ತೀನಿ. ಹೊರಗಿನವ್ರಿಗೆ ಕೊಡೂಕಿಂತ ನೀನಾ ತಗೋ. ಪ್ಯಾಟಿ ರೇಟಿಗಿಂತ ನಿನಗ ಒಂದಿಷ್ಟ ಬಿಡ್ತೀನಿ.”

ಅವನ ಮಾತಿನಲ್ಲಿ ಕಪಟವಿರಲಿಲ್ಲ. ನಿಜವಾಗಿಯೂ ಬಿಡುತ್ತಿದ್ದ. ನಾನು ಹುಟ್ಟಿದ ಖೋಲಿ, ಅವ್ವನ ಹಗೆ, ಆರು ಕಂಬ. ನಾನು ಸಹಿ ಮಾಡಿ ಬಿಟ್ಟುಕೊಟ್ಟದ್ದನ್ನು ನನ್ನ ಮೂವತ್ತೇಳು ವರ್ಷದ ದುಡಿಮೆ ಕೊಟ್ಟು ತಿರುಗಿ ಕೊಳ್ಳಬೇಕು, ಸ್ವಲ್ಪ ರಿಯಾಯಿತಿಯಲ್ಲಿ. ಒಂದು ವಾರ ನಿದ್ದೆ ಬರಲಿಲ್ಲ. ಕೊಳ್ಳಬೇಕು ಎಂದು ಎಷ್ಟು ಅನಿಸಿತೋ, ಕೊಳ್ಳಬಾರದು ಎಂದೂ ಅಷ್ಟೇ ಅನಿಸಿತು. ಮನೆಯವರು ಒಂದೇ ಮಾತು ಹೇಳಿದರು: “ನಿನ್ನ ರೊಕ್ಕಾ, ನಿನ್ನ ತವರು. ನಾ ನಡುವ ಬರಂಗಿಲ್ಲ.” ಅವರು ನಡುವೆ ಬಂದಿದ್ದರೆ ಸುಲಭವಾಗುತ್ತಿತ್ತು.

ವಹಿಯಲ್ಲಿ ಶಿರಹಟ್ಟಿಯ ಪುಟ ಖಾಲಿ ಬಿಟ್ಟು ಮುಂಡರಗಿಗೆ ಹೋದೆ. ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಮಣ್ಣು ನೋಡುತ್ತಾ ಹೋಗಬೇಕು. ಗದಗಿನ ಸುತ್ತ ಕಪ್ಪು ಎರೆ; ಡಂಬಳ ದಾಟಿ ಕಪ್ಪತಗುಡ್ಡದ ಮಗ್ಗುಲಿಗೆ ಬಂದರೆ ಕೆಂಪು ಮಸಾರಿ. ಹತ್ತಿ, ಕಡಲೆಗೆ ಎರೆ ಭೂಮಿ ಬಂಗಾರ; ಮನೆ ಕಟ್ಟುವವರಿಗೆ ಅದೇ ಶತ್ರು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಬಿರುಕಿನಲ್ಲಿ ಕೈ ತೂರಿಸಬಹುದು. ಅದರ ಮೇಲಿನ ಗೋಡೆಯೂ ಜೊತೆಗೆ ಬಿರಿಯುತ್ತದೆ. ಹಿಂದಿನವರು ಇದನ್ನು ತಿಳಿದೇ ಮಾಳಿಗೆಯ ಭಾರವನ್ನು ಕಂಬಗಳ ಮೇಲೆ ಇಟ್ಟರು. ಗೋಡೆ ಬಿರಿದರೂ ಮನೆ ಬೀಳುತ್ತಿರಲಿಲ್ಲ. ಈಗ ಗಟ್ಟಿ ನೆಲ ಸಿಗುವವರೆಗೆ ಪಾಯ ಅಗೆದು, ಎರೆ ತೆಗೆದು ಮುರುಮ ತುಂಬಿ, ಬೀಮು ಹಾಕಬೇಕು. ಪ್ಲಾಟು ಅಗ್ಗವೆಂದು ಎರೆಯಲ್ಲಿ ಕೊಂಡವರ ದುಡ್ಡು ನೆಲದೊಳಗೇ ಮುಗಿಯುತ್ತದೆ. ಪ್ಲಾಟಿನ ರೇಟು ಕೇಳುವ ಮೊದಲು ಪಾಯದ ಆಳ ಕೇಳಿ ಎಂದು ನನ್ನ ವಹಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದೆ.

ಮುಂಡರಗಿ ನನ್ನ ಗಂಡನ ಊರು. 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದು ಕೊಪ್ಪಳದ ಕೋಟೆಯಲ್ಲಿ ಮಡಿದ ಭೀಮರಾಯನ ಊರು. ಅಲ್ಲಿ ನೋಡಿದ ಜಾಗಗಳು ಅಗಲ, ನೆಲ ಗಟ್ಟಿ. ಗದಗಿನ ಮುಳಗುಂದ ನಾಕಾದ ಆಚೆ 30-40ರ ಒಂದು ಪ್ಲಾಟಿಗೆ ಆ ವರ್ಷ ನನಗೆ ಹೇಳಿದ ದುಡ್ಡಿನಲ್ಲಿ ಮುಂಡರಗಿಯಲ್ಲಿ ಎರಡು ಪ್ಲಾಟು ಕೊಂಡು, ಮೇಲೆ ಬೋರೂ ಹೊಡೆಸಬಹುದಿತ್ತು. ಇಷ್ಟು ಅಂತರ ಯಾಕೆ? ತುಂಗಭದ್ರೆ ಹರಿಯುವುದು ಈ ತಾಲೂಕಿನಲ್ಲಿ. ಗದಗ-ಬೆಟಗೇರಿಯ ನಳಕ್ಕೆ ನೀರು ಹೋಗುವುದೂ ಇಲ್ಲಿಯ ಕೊರ್ಲಹಳ್ಳಿ, ಹಮ್ಮಿಗಿ ಕಡೆಯ ನದಿಯಿಂದ, ಕೊಳವೆಯಲ್ಲಿ. ನೀರಿರುವ ಕಡೆ ಜಾಗ ಅಗ್ಗ, ನೀರಿಲ್ಲದ ಕಡೆ ತುಟ್ಟಿ. ಇದನ್ನು ಅತ್ತೆಯವರಿಗೆ ಹೇಳಿದ್ದರೆ, “ಎಲ್ಲಾ ಗಂಡಸರ ಲೆಕ್ಕ” ಎಂದು ಮುಗಿಸುತ್ತಿದ್ದರು.

ಅಲ್ಲಿಯೂ ಬೆಲೆಗಳು ಸುಮ್ಮನೆ ಕೂತಿರಲಿಲ್ಲ. 2011ರಲ್ಲಿ ಹಳ್ಳಿಗುಡಿಯ ಸುತ್ತ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಸಾವಿರಾರು ಎಕರೆ ತೆಗೆದುಕೊಳ್ಳುವ ಸುದ್ದಿ ಬಂದಾಗ ನಮ್ಮ ಮೈದುನಂದಿರ ಮನೆಗೆ ದಿನಾ ಒಬ್ಬ ಏಜೆಂಟ ಬರುತ್ತಿದ್ದ. ರೈತರು ಎದ್ದರು, ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು. ಅದೇ ವರ್ಷ ಸರಕಾರ ಆ ಜಾಗ ಕೈಬಿಟ್ಟಿತು. ಏಜೆಂಟರೂ ಮಾಯವಾದರು. ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜಿನ ಹಿಂದೆ ನದಿ ದಂಡೆಯ ಕೆಲವು ಹಳ್ಳಿಗಳು ಎತ್ತಂಗಡಿಯಾದಾಗ ಇನ್ನೊಂದು ರೀತಿಯ ಬೆಲೆ ನೋಡಿದೆ. ಒಬ್ಬ ಮುದುಕಿ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಹೇಳಿದಳು: “ಗ್ವಾಡಿ ಅಳದ್ರವ್ವಾ, ಬಾಗಲಾ ಎಣಿಸಿದ್ರು, ಗಿಡಾನೂ ಬರಕೊಂಡ್ರು. ಕಟ್ಟಿ ಮ್ಯಾಲೆ ಕುಂತು ಮಾತಾಡೂದಕ್ಕ ಏನೂ ಬರೀಲಿಲ್ಲ.”

ಮುಂಡರಗಿಯಲ್ಲಿ ಕೊಳ್ಳದೆ ಇದ್ದುದಕ್ಕೆ ಕಾರಣ ಸಣ್ಣದು. ಮನೆಯವರ ಎದೆಗೆ ಆಗಲೇ ಒಂದು ಸಲ ತೊಂದರೆಯಾಗಿತ್ತು. ರಾತ್ರಿ ಎರಡು ಗಂಟೆಗೆ ನಾಲ್ವತ್ತು ಕಿಲೋಮೀಟರು ಎಂದರೆ ಎಷ್ಟು ಉದ್ದ ಎಂಬುದು ನನಗೆ ಗೊತ್ತಿತ್ತು. ಅದನ್ನು ಯಾವ ಚದರ ಅಡಿಯಲ್ಲಿಯೂ ಅಳೆಯಲಾಗದು.

ಹಾಗಾದರೆ ಗದಗ. ತ್ರಿಕೂಟೇಶ್ವರ, ವೀರನಾರಾಯಣ ದೇವಸ್ಥಾನಗಳ ಸುತ್ತ ಹಬ್ಬಿದ ಹಳೆಯ ಊರು. ಆ ವೀರನಾರಾಯಣನ ಸನ್ನಿಧಿಯಲ್ಲೇ ಕುಮಾರವ್ಯಾಸ ಭಾರತ ಬರೆದನೆಂದು ನಂಬಿಕೆ. ಆದರೆ ಊರಿನ ನೆಲದ ಬೆಲೆಯನ್ನು ಮೇಲೆತ್ತಿದ್ದು 1880ರ ದಶ‌ಕದಲ್ಲಿ ಬಂದ ರೈಲು. ಹೋಟಗಿ ಕಡೆಯಿಂದ ಒಂದು ಹಳಿ, ಹುಬ್ಬಳ್ಳಿ–ಬಳ್ಳಾರಿಯದು ಇನ್ನೊಂದು. ಗದಗ ಜಂಕ್ಷನ್ ಆಯಿತು. ಸುತ್ತಲ ಎರೆಯ ಹತ್ತಿಯೆಲ್ಲ ಇಲ್ಲಿಗೆ ಬಂತು, ಜಿನ್ನಿಂಗು, ಪ್ರೆಸ್ಸು, ಅಡತಿ ಅಂಗಡಿಗಳು ಬಂದವು. ಸ್ಟೇಷನ್ ರಸ್ತೆಯ ಜಾಗಕ್ಕೆ ಅಂದಿನಿಂದ ಸೊಕ್ಕು. ಮಗ್ಗುಲಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದರು. ದೇಶದಲ್ಲಿಯೇ ಅಂಥ ಮೊದಲನೆಯದು. ಸಾಹುಕಾರನ ಬಡ್ಡಿಗೆ ಮನೆ ಒತ್ತೆ ಇಡುತ್ತಿದ್ದವರಿಗೆ ಅದೊಂದು ಹೊಸ ಬಾಗಿಲು. ಕೊನೆಗೆ ನನಗೆ ಕಡಿಮೆ ಬಿದ್ದ ದುಡ್ಡನ್ನೂ ಕೊಟ್ಟದ್ದು ಒಂದು ಸಹಕಾರಿ ಸಂಘವೇ.

1997ರಲ್ಲಿ ಜಿಲ್ಲೆಯಾದ ಮೇಲೆ ಕಚೇರಿಗಳು, ಸಾಹೇಬರು, ಅವರಿಗೆ ಬಾಡಿಗೆ ಮನೆಗಳು. ಆಮೇಲೆ ಮಲ್ಲಸಮುದ್ರದ ಬಳಿ ವೈದ್ಯಕೀಯ ಕಾಲೇಜು, ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯ. ಒಂದೊಂದು ಬೋರ್ಡು ಬಿದ್ದಾಗಲೂ ಆ ರಸ್ತೆಯ ಪ್ಲಾಟಿನ ರೇಟು ಒಂದು ಮೆಟ್ಟಿಲು ಹತ್ತಿತು. ಹುಡ್ಕೋ ಕಾಲನಿ, ಕಳಸಾಪುರ ರಸ್ತೆ, ಮುಳಗುಂದ ನಾಕಾ, ಹಾತಲಗೇರಿ ನಾಕಾ—ನನ್ನ ವಹಿಯ ಅರ್ಧ ಇವೇ. ಏಜೆಂಟರು ಎಲ್ಲ ಹೇಳುತ್ತಿದ್ದರು: ವಾಸ್ತು, ಮೂಲೆ ಪ್ಲಾಟು, ನಾಲ್ವತ್ತು ಅಡಿ ರಸ್ತೆ. ನಾನು ಕೇಳುತ್ತಿದ್ದುದು ಒಂದೇ: “ನಳಾ ಎಷ್ಟ ದಿನಕ್ಕೊಮ್ಮೆ ಬರ್ತೈತಿ?”

ಗದಗ-ಬೆಟಗೇರಿಗೆ ಹೆಣ್ಣು ಕೊಡಬ್ಯಾಡ್ರಿ ಎಂಬ ಮಾತು ನಮ್ಮ ಸೀಮೆಯಲ್ಲಿ ಹುಟ್ಟಿದ್ದು ಇದೇ ಕಾರಣಕ್ಕೆ. 2011ರ ಜನಗಣತಿಗೆ ಅವಳಿ ನಗರದ ಜನ 1.72 ಲಕ್ಷ, ನಳ ಮಾತ್ರ ಎಂಟು ದಿನಕ್ಕೆ, ಹತ್ತು ದಿನಕ್ಕೆ, ಬೇಸಿಗೆಯಲ್ಲಿ ಹದಿನೈದು ದಿನಕ್ಕೆ. ಯಾವ ಹೊತ್ತಿಗೆ ಬರುತ್ತದೆಂದು ದೇವರಿಗೇ ಗೊತ್ತು. ನಮಗೆ ವರ್ಷಕ್ಕೆ ಆಗ 15 ಸಾಂದರ್ಭಿಕ ರಜೆ ಇದ್ದವು. ನಾನು ಗದಗಿನಲ್ಲಿದ್ದ ವರ್ಷಗಳಲ್ಲಿ ಆ ರಜೆಗಳಲ್ಲಿ ಎಷ್ಟನ್ನು ನಳ ಬಂದ ದಿನಕ್ಕೆ ಹಾಕಿದೆ ಎಂದು ಹಾಜರಿ ಪುಸ್ತಕ ತೆಗೆದರೆ ಸಿಗುತ್ತದೆ. ಅರ್ಜಿಯಲ್ಲಿ “ಮನೆಯ ತುರ್ತು ಕೆಲಸ” ಎಂದು ಬರೆಯುತ್ತಿದ್ದೆ. ಮುಖ್ಯಾಧ್ಯಾಪಕಿಯವರೂ ಅದನ್ನೇ ಬರೆಯುತ್ತಿದ್ದರು. ಗಂಡಸು ಮಾಸ್ತರರು ಯಾರೂ ನಳಕ್ಕೆ ರಜೆ ಹಾಕಿದ್ದನ್ನು ನಾನು ಕಾಣೆ. ಹೊಸ ಲೇಔಟುಗಳಲ್ಲಿ ಮನೆಗಿಂತ ದೊಡ್ಡ ನೆಲದ ಟಾಕಿ ಕಟ್ಟಿಸಿ ಬಚಾವಾಗುತ್ತಾರೆ. ಅದರ ಖರ್ಚನ್ನು ಪ್ಲಾಟಿನ ರೇಟಿಗೆ ಕೂಡಿಸಿ ನೋಡಿದೆ, ಮಗ ಹೇಳಿದ ‘ಬೆಳೆಯುವ ರೊಕ್ಕ’ ಬಹಳ ಬೆಳೆಯಲಿಲ್ಲ.

ಒಂದು ಲೇಔಟಿಗೆ ಸಂಚಕಾರ ಕೊಟ್ಟೂ ಬಿಟ್ಟಿದ್ದೆ. ಎನ್‌.ಎ. ಆಗಿದೆ ಎಂದ ಜಾಗದ ಉತಾರ ತೆಗೆಸಿದರೆ ಮೇಲೆ ಬೋಜಾ ಇತ್ತು, ಹಳೆಯ ಸಾಲದ್ದು. ಸಂಚಕಾರದಲ್ಲಿ ಅರ್ಧ ತಿರುಗಿ ಬಂತು, ಅರ್ಧ ಪಾಠಕ್ಕೆ ಹೋಯಿತು. ಈಗ ಇ-ಖಾತೆ ಇಲ್ಲದೆ ನೋಂದಣಿಯಾಗುವುದಿಲ್ಲ. ಆಗ ಇದ್ದಿದ್ದರೆ ನನ್ನ ಅರ್ಧ ಉಳಿಯುತ್ತಿತ್ತೇನೋ.

ಬೆಟಗೇರಿಯ ಮನೆಯನ್ನು ನಾನು ಹುಡುಕಿಕೊಂಡು ಹೋಗಿರಲಿಲ್ಲ. ನಮ್ಮ ಶಾಲೆಯ ಬಿಸಿಯೂಟದ ಅಡಿಗೆಯವಳು, “ಅಕ್ಕೋರ, ನಮ್ಮ ಓಣ್ಯಾಗ ಒಂದ ಐತ್ರಿ, ಆದ್ರ ನಿಮಗ ಸೇರಂಗಿಲ್ಲ ಬಿಡ್ರಿ” ಎಂದಳು. ನೇಕಾರರ ಓಣಿ. ರೈಲು, ಹತ್ತಿಯ ಪೇಟೆ ಗದಗನ್ನು ಬೆಳೆಸಿದಾಗ ಬೆಟಗೇರಿ ತನ್ನ ಮಗ್ಗದ ಜೊತೆ ಹಾಗೇ ಉಳಿಯಿತು. ಸೀರೆ ನೇಯುವುದು ಕಡಿಮೆಯಾದಂತೆ ಓಣಿಗಳ ಬೆಲೆಯೂ ಇಳಿಯಿತು. ಒಂದೇ ನಗರಸಭೆ, ಒಂದೇ ಹೆಸರಿನ ಎರಡು ಭಾಗ. ನಡುವೆ ಒಂದು ಕೂಡುಗೆರೆ. ಆ ಗೆರೆಯ ಈಚೆಗೂ ಆಚೆಗೂ ಎಷ್ಟು ವ್ಯತ್ಯಾಸ!

ಮನೆಯಲ್ಲಿ ಕುಣಿ ಮಗ್ಗದ ಗುಂಡಿ ಇನ್ನೂ ಇತ್ತು. ನೇಕಾರರ ಮನೆಯಲ್ಲಿ ಪಡಸಾಲೆ ದೊಡ್ಡದು, ಮಲಗುವ ಜಾಗ ಸಣ್ಣದು. ಮೊದಲು ಮಗ್ಗ, ಆಮೇಲೆ ಮನುಷ್ಯರು. ಮಾಲೀಕನ ಮಕ್ಕಳು ಸೂರತ್ತಿಗೆ ಹೋಗಿದ್ದರು. ಓಣಿಗೆ ಕಾರು ಬರುವುದಿಲ್ಲ. ಕಾರು ಬಾರದ ಓಣಿಯಲ್ಲಿ ಬೆಲೆ ಎಷ್ಟು ಬೀಳುತ್ತದೆ ಎಂದು ಮಗ ಫೋನಿನಲ್ಲಿ ಅರ್ಧ ಗಂಟೆ ವಿವರಿಸಿದ. “ಅಂಬುಲೆನ್ಸ್ ಬರ್ತದೇನವಾ?” ಎಂದ. ಓಣಿಯ ಬಾಯಿಗೆ ಬರುತ್ತದೆ. ಅಲ್ಲಿಂದ ನಾವು ಈಗಲೂ ‘ಜರ್ಮನ್ ದವಾಖಾನಿ’ ಎನ್ನುವ ಮಿಶನ್ ಆಸ್ಪತ್ರೆ ಹತ್ತಿರ. ಇಷ್ಟು ಹೇಳಿ ನಾನು ಹಿತ್ತಲಿಗೆ ಹೋದೆ.

ಹಿತ್ತಲಲ್ಲಿ ಬಾವಿ. ಕಲ್ಲು ಕಟ್ಟಿದ ಸಣ್ಣ ಬಾವಿ, ಮೇಲೆ ತಗಡು ಮುಚ್ಚಿತ್ತು. ತಗಡು ಸರಿಸಿ ಬಗ್ಗಿ ನೋಡಿದೆ. ಮೇ ತಿಂಗಳು. ಕೆಳಗೆ ಆಕಾಶದ ತುಣುಕು ಅಲ್ಲಾಡಿತು. ಸ್ವಲ್ಪ ಸವುಳು, ಕುಡಿಯಲು ಆಗದು. ತೊಳೆಯಲು, ಬಳಿಯಲು, ಹಂಡೆಗೆ ಧಾರಾಳ. ಮಾಲೀಕ ಬಾವಿಗೆ ಏನೂ ಬೆಲೆ ಹಿಡಿದಿರಲಿಲ್ಲ. “ಹಳೇದ್ರೀ, ಬೇಕಾದ್ರ ಮುಚ್ಚಿಸಿಬಿಡ್ರಿ, ಎರಡು ಅಂಕಣ ಜಾಗ ಸಿಗತೈತಿ” ಎಂದ.

ತಮ್ಮನಿಗೆ ಇಲ್ಲವೆಂದು ಪತ್ರ ಬರೆದೆ. ಫೋನಿನಲ್ಲಿ ಹೇಳುವ ಧೈರ್ಯವಾಗಲಿಲ್ಲ. ಅವನು ಎರಡು ತಿಂಗಳು ಮಾತಾಡಲಿಲ್ಲ. ಆ ಮನೆಯನ್ನು ಕೊಂಡವರು ಕೆಡವಿ ಮಳಿಗೆ ಕಟ್ಟಿಸಿದರು. ಶಿರಹಟ್ಟಿಗೆ ಆಮೇಲೆ ಹೋದದ್ದು ಒಂದೇ ಸಲ, ಮಾಗಡಿ ಕೆರೆಗೆ ಮೊಮ್ಮಗಳಿಗೆ ಹಕ್ಕಿ ತೋರಿಸಲು. ಚಳಿಗಾಲಕ್ಕೆ ಹಿಮಾಲಯದ ಆಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೂ ಸೇರಿತು. ಅಷ್ಟು ದೂರದಿಂದ ಬಂದು ಅವೂ ನೋಡುವುದು ನೀರನ್ನೇ.

2019ರ ಶ್ರಾವಣದಲ್ಲಿ ಖರೀದಿಯಾಯಿತು. ಬಾಂಡ್ ಬರಹಗಾರ ಮೊದಲು ನಮ್ಮ ಮನೆಯವರ ಹೆಸರು ಬರೆದು, ಆಮೇಲೆ ನನ್ನ ಹೆಸರು ಕೇಳಿದ. ಮನೆಯವರೇ, “ನಂದ್ಯಾಕ್ರೀ, ಅಕೀದ ಬರೀರಿ” ಎಂದರು. ಹೆಣ್ಣಿನ ಹೆಸರಿಗೆ ಕೊಂಡರೆ ಮುದ್ರಾಂಕದಲ್ಲಿ ಏನಾದರೂ ಕಡಿಮೆಯೇ ಎಂದು ಕೇಳಿದೆ, ಇಲ್ಲವೆಂದ. ಮಹಾರಾಷ್ಟ್ರದಲ್ಲಿ 2021ರಿಂದ ಶೇ. 1ರಷ್ಟು ರಿಯಾಯಿತಿ ಕೊಟ್ಟರು. ಸಾಂಗಲಿ, ಮಿರಜಗಳು ಈಗ ಆ ರಾಜ್ಯದಲ್ಲಿವೆ. ನಮ್ಮಲ್ಲಿ 2023ರ ಅಕ್ಟೋಬರಿನಿಂದ ಮಾರ್ಗಸೂಚಿ ಬೆಲೆ ಏರಿತು, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ. 1ರಿಂದ 2 ಆಯಿತು; ಈಗ ಕೊಳ್ಳುವವರು ಅದನ್ನೂ ವಹಿಯಲ್ಲಿ ಬರೆದುಕೊಳ್ಳಬೇಕು.

ಬರಹಗಾರ ಚಕ್ಕುಬಂದಿ ಓದಿದ. ಹಳೆಯ ಶಾಸನಗಳಲ್ಲಿ ದಾನದ ಭೂಮಿಗೆ ನಾಲ್ಕು ದಿಕ್ಕಿನ ಗಡಿ ಹೇಳುತ್ತಾರೆ ಎಂದು ಲಕ್ಷ್ಮೇಶ್ವರದ ಮುಖ್ಯಾಧ್ಯಾಪಕರು ತೋರಿಸಿದ್ದರು. ಇದೂ ಅದೇ ಮಾತು. ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಸಾಮಾಯಿಕ ಗೋಡೆ, ಉತ್ತರಕ್ಕೆ ನೇಕಾರರ ಮನೆ, ದಕ್ಷಿಣಕ್ಕೆ ಬೋಳ. ಬಾವಿಯನ್ನು ಬರೆದಿರಲಿಲ್ಲ. ಬರೆಯಿರಿ ಎಂದೆ. “ಅದೇನ ಬೇಕಾಗಿಲ್ರಿ ಬಾಯಾರ” ಎಂದ. ಬರೆಯಿರಿ ಎಂದು ಮತ್ತೆ ಹೇಳಿದೆ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿದರು. ಆ ಹಾಳೆ ಮತ್ತೆ ಟೈಪಾಯಿತು.

ಗೃಹಪ್ರವೇಶಕ್ಕೆ ತಮ್ಮ ಬಂದ. ಕೈಯಲ್ಲಿ ಸೀರೆ, ಕುಬಸ, ಉಡಿಯ ಸಾಮಾನು. ಮನೆಯೊಳಗೆ ಎಲ್ಲಿಯೂ ನಿಲ್ಲದೆ ನೇರವಾಗಿ ಹಿತ್ತಲಿಗೆ ಹೋಗಿ, ತಗಡು ಸರಿಸಿ ಬಹಳ ಹೊತ್ತು ಬಗ್ಗಿ ನೋಡಿದ.

“ನೀರು ಎಷ್ಟೈತಿ ಅಕ್ಕಾ?”

“ನಾಕು ಮಾರು” ಎಂದೆ.